ಗೋಡೆಯಿಲ್ಲದ ಕೋಟೆಯೊಳಗೆ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಅಡ್ಡಾಡುವ ನಮಗೆ ಹಳೆಯ ಕೋಟೆಯ ಸುತ್ತುಗೋಡೆ ಎದುರಾಗುವುದಿಲ್ಲ. 1860ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರೇರನ ಆಡಳಿತದಲ್ಲಿ, ಅದನ್ನು ಕೆಡವಲಾಯಿತು. 1718ರಲ್ಲಿ ಪ್ರಾರ್ಥನೆಗೆ ತೆರೆದ ಸೇಂಟ್ ಥಾಮಸ್ ಚರ್ಚಿನ ಹಾದಿಗಿದ್ದ ಕೋಟೆಬಾಗಿಲು ಅಳಿದು, ಚರ್ಚ್‌ಗೇಟ್ ಎಂಬ ಹೆಸರಷ್ಟೇ ಉಳಿಯಿತು. ಸಮೀಪದ ಎಲ್ಫಿನ್‌ಸ್ಟನ್ ವೃತ್ತವು ಸ್ವಾತಂತ್ರ್ಯಾನಂತರ, ಭಾರತೀಯರ ಪರ ನಿಂತ 'ಬಾಂಬೆ ಕ್ರಾನಿಕಲ್' ಸಂಪಾದಕ ಹಾರ್ನಿಮನ್‌ನ ಹೆಸರು ಪಡೆಯಿತು.

ಇದೇ ಫೋರ್ಟಿನಲ್ಲಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ನಮ್ಮ ಕರಾವಳಿಯ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಆಳಿದವರ ಹೆಸರುಗಳು ಕಲ್ಲಿನಲ್ಲಿವೆ. ಈ ಹುಡುಗರಿಗೆ ಶಿಲಾಫಲಕಗಳಿಲ್ಲ. ಶಾಲೆಯ ಹಾಜರಿ ಪುಸ್ತಕ, ಹಿರಿಯರ ನೆನಪು, ಇವೇ ಅವರ ಶಾಸನ. ಅವು ಮಾಸುವ ಮುನ್ನ ಬರೆದಿಡುವ ಹೊಣೆ ಮುಂಬಯಿ ಕನ್ನಡಿಗರಾದ ನಮ್ಮದು.