ಒಂದು ಉದ್ದನೆಯ ಪದ ಮತ್ತು ನನ್ನ ನಗು

ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾಲ. ಕಾರ್ಖಾನೆಯ ಕಾರ್ಮಿಕರೊಬ್ಬರ ಮಗ, ಎಂಟನೆಯ ತರಗತಿಯ ಹುಡುಗ, ಎದ್ದು ನಿಂತು ಪಾಠ ಓದುತ್ತಾ ‘ಅನ್‌ಫೋರ್ಟುನಾಟೆಲಿ’ ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ‘ಅನ್‌ಫಾರ್ಚುನಟ್ಲಿ’ ಎಂದು ತಿದ್ದಿ ಕೂರಿಸಿದೆ. ಆ ವರ್ಷ ಅವನು ಮತ್ತೆ ಗಟ್ಟಿಯಾಗಿ ಓದಲೇ ಇಲ್ಲ. ನಿವೃತ್ತನಾಗಿ ಶಿವಮೊಗ್ಗದಲ್ಲಿ ನೆಲೆಸಿರುವ ನನ್ನನ್ನು ಆ ನಗು ಇಂದಿಗೂ ಕಾಡುತ್ತದೆ.

ಅವನ ಓದಿನಲ್ಲೂ ಒಂದು ನ್ಯಾಯವಿತ್ತು. ಬರೆದ ಅಕ್ಷರವನ್ನೆಲ್ಲ ಉಚ್ಚರಿಸುವುದು ಕನ್ನಡದ ಮಗುವಿಗೆ ಸಹಜಧರ್ಮ. ಮೇಲಾಗಿ, ಈ ಪದದ ನಡುಭಾಗ ಲ್ಯಾಟಿನ್ನಿನ ‘ಫೋರ್ಟೂನಾ’, ಅಂದರೆ ಅದೃಷ್ಟ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಅಲ್ಲಿ ಟಕಾರವು ಪಕ್ಕದ ಯಕಾರದ ಸಹವಾಸದಿಂದ ಚಕಾರವಾಯಿತು. ‘ಸತ್’ ಮತ್ತು ‘ಚರಿತ್ರೆ’ ಸೇರಿ ‘ಸಚ್ಚರಿತ್ರೆ’ಯಾಗುವುದನ್ನು ನೆನಪಿಸುವ ಮಾರ್ಪಾಡು. ಹುಡುಗನ ‘ಫೋರ್ಟು’ ನನ್ನ ‘ಫಾರ್ಚು’ವಿಗಿಂತ ರೋಮನರ ಬಾಯಿಗೇ ಹತ್ತಿರವಾಗಿತ್ತು!

ಪದದ ಎರಡು ತುದಿಗಳು ಮಾತ್ರ ಅಚ್ಚ ಇಂಗ್ಲಿಷ್. ‘ಅನ್’ ನಿಷೇಧಾರ್ಥಕ. ‘ಲಿ’ ಎಂಬುದು ಹಳೆಯ ಇಂಗ್ಲಿಷಿನ ‘ಲೀಚೆ’ಯ ಸವೆದ ರೂಪ, ಅದರ ಮೂಲದಲ್ಲಿ ‘ದೇಹ, ಆಕಾರ’ ಎಂಬ ಅರ್ಥವಿದೆ. ನಾವು ‘ಆಗಿ’, ‘ಅಂತೆ’ ಸೇರಿಸಿ ಕ್ರಿಯಾವಿಶೇಷಣ ಮಾಡುವಂತೆಯೇ ಇದು. ಸಂಸ್ಕೃತ ಕನ್ನಡ ಪದಗಳು ಸಮಾಸದಲ್ಲಿ ಬೆರೆತರೆ ನಮ್ಮ ವ್ಯಾಕರಣದಲ್ಲಿ ಅದು ಅರಿಸಮಾಸ. ಇಂಗ್ಲಿಷರು ಅಂಥ ಮಡಿಯನ್ನು ಪಾಲಿಸಲಿಲ್ಲ.

ನಮ್ಮ ‘ದುರದೃಷ್ಟವಶಾತ್’ ಕೂಡ ಹೀಗೆಯೇ ಬಿಡಿಸಬಹುದಾದ ಪದ: ದುರ್, ಅದೃಷ್ಟ (ಕಾಣದ್ದು), ವಶಾತ್ (ವಶದಿಂದ). ಬರೆಯುವಾಗ ನಾವು ‘ದೃ-ಷ್ಟ’ ಎಂದು ಒಡೆಯುತ್ತೇವೆ; ಕಿವಿಗೆ ಕೇಳುವುದು ‘ದೃಷ್-ಟ’. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಇದರಿಂದಲೇ. ಹತ್ತನೆಯ ಶತಮಾನದಲ್ಲಿ ‘ಛಂದೋಂಬುಧಿ’ ಬರೆದ ನಾಗವರ್ಮನ ಪರಂಪರೆಗೆ ಈ ಕಿವಿಯ ಲೆಕ್ಕ ಚೆನ್ನಾಗಿ ತಿಳಿದಿತ್ತು. ಲಘು ಗುರು ಹಾಕಬಲ್ಲ ಆ ಹುಡುಗನಿಗೆ ‘ಅನ್-ಫಾರ್-ಚು-ನಟ್-ಲಿ’ ಎಂದು ಐದು ಚಪ್ಪಾಳೆ ತಟ್ಟಿಸಿ, ಎರಡನೆಯದನ್ನು ಜೋರಾಗಿ ತಟ್ಟು ಎಂದಿದ್ದರೆ ಸಾಕಿತ್ತು. ಕನ್ನಡದ ತರಗತಿಯಲ್ಲಿ ಅವನು ಕಲಿತದ್ದನ್ನು ನಾನು ಇಂಗ್ಲಿಷಿನ ತರಗತಿಯ ಬಾಗಿಲಲ್ಲೇ ತಡೆದೆ.

ನಾಲ್ಕು ಅಕ್ಷರಗಳ ನಮ್ಮ ಶಿವಮೊಗ್ಗ ಇಂಗ್ಲಿಷ್ ಬರಹದಲ್ಲಿ ಬಹುಕಾಲ ‘ಶಿಮೊಗ’ ಆಗಿತ್ತು. ‘ವ’ ಕಳೆದುಹೋಗಿತ್ತು, ‘ಗ್ಗ’ ಸವೆದಿತ್ತು. 2014ರ ನವೆಂಬರ್ 1ರಂದು ಎರಡೂ ಅಧಿಕೃತವಾಗಿ ಮರಳಿದವು. ಅಷ್ಟು ವರ್ಷ ಹಾಗೆ ಬರೆದವರನ್ನು ಯಾರೂ ಎದ್ದು ನಿಲ್ಲಿಸಿ ನಗಲಿಲ್ಲ.

ಆ ಹುಡುಗ ಈಗ ನಡುವಯಸ್ಸಿನವನಾಗಿರಬೇಕು. ಇದು ಅವನ ಕಣ್ಣಿಗೆ ಬಿದ್ದರೆ ಒಮ್ಮೆ ಮನೆಗೆ ಬರಲಿ. ಅದೇ ಪಾಠವನ್ನು ಅವನು ಗಟ್ಟಿಯಾಗಿ ಓದಲಿ. ಈ ಬಾರಿ ಮೇಷ್ಟ್ರು ಕೂತು ಕೇಳುತ್ತಾರೆ.