ಕಡಲೆಕಾಯಿಗಿಂತ ಹಳೆಯ ಬಸವ

ಟಿಕೆಟ್ಟಿಲ್ಲದ, ಪಾಸಿಲ್ಲದ, ಬಾಗಿಲೇ ಇಲ್ಲದ ಜನಕೂಟಗಳು ಬೆಂಗಳೂರಿನಲ್ಲಿ ಇನ್ನೂ ಕೆಲವು ಉಳಿದಿವೆ. ಕರಗ ಒಂದು, ಬಸವನಗುಡಿಯ ಕಡಲೆಕಾಯಿ ಪರಿಷೆ ಇನ್ನೊಂದು. ಕಾರ್ತೀಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನಗಳು ನಿಂತು ಕಡಲೆಕಾಯಿಯ ರಾಶಿಗಳು ಕೂರುತ್ತವೆ. ಪರಿಷೆಯ ಸುದ್ದಿ ಬರೆಯುವವರು ‘ಐನೂರು ವರ್ಷಗಳ ಇತಿಹಾಸ’ ಎಂಬ ಮಾತನ್ನು ಪ್ರತಿ ವರ್ಷವೂ ಸೇರಿಸುತ್ತಾರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ಮಾತು ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಬೆಳೆದ ಕಡಲೆಕಾಯಿಯನ್ನು ಹುಣ್ಣಿಮೆಯ ರಾತ್ರಿಗಳಲ್ಲಿ ಒಂದು ಬಸವ ಮೇಯುತ್ತಿತ್ತು. ಕಾದು ಕುಳಿತವರು ದೊಣ್ಣೆಯಿಂದ ಹೊಡೆದರು, ಬಸವ ಕಲ್ಲಾಯಿತು. ಪಶ್ಚಾತ್ತಾಪಪಟ್ಟ ರೈತರು ಪ್ರತಿ ವರ್ಷ ಮೊದಲ ಫಸಲನ್ನು ಅದಕ್ಕೇ ಒಪ್ಪಿಸುವುದಾಗಿ ಹರಕೆ ಹೊತ್ತರು. ಕೆಂಪೇಗೌಡರು ಗುಡಿ ಕಟ್ಟಿಸಿದರು. ಗುಡಿಗೆ ಸಾಮಾನ್ಯವಾಗಿ ಹೇಳುವ ವರ್ಷ 1537.

ತೊಡಕಿರುವುದು ಆ ವರ್ಷದಲ್ಲಿ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಬ್ರೆಜಿಲ್ ಮುಟ್ಟಿದ್ದು 1500ರಲ್ಲಿ, ಗೋವಾ ಹಿಡಿದದ್ದು 1510ರಲ್ಲಿ. ಅಲ್ಲಿಂದ ಮೂರು ದಶಕ ತುಂಬುವುದರೊಳಗೆ ಆ ಬೆಳೆ ಘಟ್ಟ ಹತ್ತಿ, ಸುಂಕೇನಹಳ್ಳಿಯ ಹೊಲಗಳನ್ನು ತುಂಬಿ, ಬಸವನ ಬಾಯಿಗೂ ಬಿದ್ದಿತೆಂದರೆ ನಂಬುವುದು ಕಷ್ಟ. ದಕ್ಷಿಣ ಭಾರತದಲ್ಲಿ ಅದು ದೊಡ್ಡ ಪ್ರಮಾಣದ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಎಣ್ಣೆಗೆಂದು ಫ್ರಾನ್ಸಿಗೆ ಸಾಗಣೆ ಶುರುವಾದಾಗ ಮದರಾಸು ಪ್ರಾಂತ್ಯದ ಒಣಭೂಮಿಯಲ್ಲೆಲ್ಲ ಹಬ್ಬಿತು.

ಹೆಸರುಗಳೂ ಇದನ್ನೇ ಹೇಳುತ್ತವೆ. ‘ಕಡಲೆ’ ಹಳೆಯ ಪದ, ಆದರೆ ಅದು ಹೆಸರಿಸುತ್ತಿದ್ದದ್ದು ನಾವಿಂದು ಹುರಿಗಡಲೆ ಮಾಡುವ ಕಾಳನ್ನು. ಹೊಸದಾಗಿ ಬಂದ ಬೆಳೆಗೆ ಜನ ಪರಿಚಿತ ಕಾಳಿನ ಹೆಸರನ್ನೇ ಕೊಟ್ಟು ಒಂದು ಗುರುತು ಅಂಟಿಸಿದರು: ನಮ್ಮಲ್ಲಿ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ, ತಮಿಳಿನಲ್ಲಿ ವೇರ್ಕಡಲೈ, ತೆಲುಗಿನಲ್ಲಿ ವೇರುಶನಗ. ‘ವೇರು’ ಎಂದರೆ ಬೇರು, ‘ಶನಗ’ ಎಂದರೆ ಮತ್ತೆ ಅದೇ ಕಡಲೆ. ತಮಿಳಿನಲ್ಲಿ ‘ಮಣಿಲಾಕೊಟ್ಟೈ’ ಎಂದೂ ಕರೆಯುತ್ತಾರೆ; ಫಿಲಿಪೀನ್ಸಿನ ಮನಿಲಾ ಪಟ್ಟಣ ಆ ಹೆಸರಿನಲ್ಲಿ ಕುಳಿತಿದೆ. ಉತ್ತರ ಕರ್ನಾಟಕದ ಓದುಗರು ‘ನಮ್ಮದು ಶೇಂಗಾ’ ಎನ್ನಬಹುದು, ಅದು ಬೇರೆ ದಾರಿ.

ಹಾಗಾದರೆ ಪರಿಷೆಯ ಕಥೆ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಕಾರ್ತೀಕ ಸೋಮವಾರ ಶಿವನ ದಿನ. ನಾಡಿನ ಎಷ್ಟೋ ಶಿವಾಲಯಗಳಲ್ಲಿ ಅಂದು ದೀಪೋತ್ಸವ ನಡೆಯುತ್ತದೆ. ಬಸವನ ಗುಡಿಯಲ್ಲಿ ಅಂದು ಜನ ಸೇರಲು ಕಡಲೆಕಾಯಿಯೇ ಬೇಕಾಗಿರಲಿಲ್ಲ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಕಿತ್ತು ಒಣಗಿಸುವ ಕಾಲವೂ ಹೆಚ್ಚುಕಡಿಮೆ ಅದೇ. ಹೊಸ ಬೆಳೆ ಹಳೆಯ ತಿಥಿಯೊಳಕ್ಕೆ ಬಂದು ಕುಳಿತಿತು, ಆಮೇಲೆ ಕಥೆಯೊಳಗಿನ ಬೆಳೆಯೂ ಬದಲಾಯಿತು ಎಂಬುದು ನನ್ನ ಊಹೆ. ಮೊದಲು ಬಸವ ಮೇಯ್ದದ್ದು ರಾಗಿಯೋ ಅವರೆಯೋ ಇದ್ದೀತು. ದನ ಹೊಲಕ್ಕೆ ನುಗ್ಗುವ ಸಂಕಟ ರೈತನಿಗೆ ಹೊಸದಲ್ಲವಲ್ಲ. ಈ ಊಹೆ ನಿಜವಾದರೆ ‘ಐನೂರು ವರ್ಷ’ ಎಂಬುದು ಗುಡಿಯ ವಯಸ್ಸು, ಪರಿಷೆಯ ವಯಸ್ಸಲ್ಲ. ಅದರಿಂದ ಪರಿಷೆ ಸಣ್ಣದಾಗುವುದಿಲ್ಲ. ಅದು ಅರಸನೊಬ್ಬ ಕೊಟ್ಟ ಉತ್ಸವವಲ್ಲ, ಬೆಳೆ ಬದಲಿಸಿದ ರೈತರು ದೇವರ ಲೆಕ್ಕವನ್ನೂ ಬದಲಿಸಿ ಕಟ್ಟಿಕೊಂಡದ್ದು. ನನಗೆ ಇದೇ ಹೆಚ್ಚು ಇಷ್ಟವಾಗುವ ಇತಿಹಾಸ.

ಆ ರೈತರು ಈಗ ಅಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ನಕ್ಷೆ ಬಿತ್ತು. 1898ರ ಪ್ಲೇಗಿನ ನಂತರ ಪೇಟೆಯ ಜನ ಅಲ್ಲಿಗೆ ಬಂದು ನೆಲೆಸಿದರು. ಹೊಲಗಳು ನಿವೇಶನಗಳಾದವು. ಬಸವ ಮೇಯ್ದು ಬಿಟ್ಟದ್ದನ್ನು ಊರು ಮೇಯಿತು. ಇಂದು ರಾಶಿ ಹಾಕುವವರು ಬರುವುದು ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಮಾಗಡಿ ಕಡೆಯಿಂದ, ಗಡಿಯಾಚೆಯ ಕೃಷ್ಣಗಿರಿ, ಧರ್ಮಪುರಿ, ಕುಪ್ಪಂನಿಂದ. ಹರಕೆ ಹೊತ್ತ ಹಳ್ಳಿಗಳು ಹೋದರೂ ಹರಕೆ ನಿಂತಿಲ್ಲ. ಅದನ್ನು ತೀರಿಸುವವರು ಮಾತ್ರ ಬೇರೆಯವರು.

‘ಪರಿಷೆ’ ಎಂಬುದು ‘ಪರಿಷತ್’ತಿನ ತದ್ಭವ. ಸ್ವಲ್ಪ ದೂರದ ಚಾಮರಾಜಪೇಟೆಯಲ್ಲಿ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಅಲ್ಲಿ ಸದಸ್ಯತ್ವವುಂಟು, ಚುನಾವಣೆಯುಂಟು. ಇಲ್ಲಿ ಅದ್ಯಾವುದೂ ಇಲ್ಲ, ಬಂದವರೆಲ್ಲ ಸದಸ್ಯರೇ. ಕಾಲೇಜು ಹುಡುಗರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಸೊಪ್ಪಿನ ಗಾಡಿಯವರು, ಕಾರು ದೂರದಲ್ಲಿ ನಿಲ್ಲಿಸಿ ನಡೆದು ಬಂದವರು ಎಲ್ಲರೂ ಒಂದೇ ರಸ್ತೆಯಲ್ಲಿ ಸಿಪ್ಪೆ ಉಗಿಯುತ್ತಾ ನಡೆಯುತ್ತಾರೆ. ಬ್ಯೂಗಲ್ ರಾಕ್ ಉದ್ಯಾನದಲ್ಲಿ ಸಂಗೀತ, ಜಾನಪದ ಕಾರ್ಯಕ್ರಮಗಳೂ ಇರುತ್ತವೆ, ಆದರೆ ಜನ ಬರುವುದು ಮುಖ್ಯವಾಗಿ ಅದಕ್ಕಲ್ಲ. ನೋಡುವವರು ಬೇರೆ, ಆಡುವವರು ಬೇರೆ ಎಂಬ ಗೆರೆ ಇಲ್ಲಿ ಇಲ್ಲದಿರುವುದರಿಂದಲೇ ಟಿಕೆಟ್ಟು ಹರಿಯಲು ಜಾಗ ಸಿಕ್ಕಿಲ್ಲವೇನೋ.

ಹಾಗೆಂದು ‘ಉಚಿತ’ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ನಮಗೆ ಉಚಿತ. ಮೂಟೆ ತಂದ ಲಾರಿಯ ಬಾಡಿಗೆ, ರಸ್ತೆಬದಿಯ ಜಾಗ ಹಿಡಿಯಲು ಮುಂಚಿತವಾಗಿ ಬಂದು ಕಳೆದ ದಿನಗಳ ಊಟ, ಸೀಮೆಎಣ್ಣೆ ದೀಪದಿಂದ ಬಲ್ಬಿಗೆ ಬದಲಾದ ಬೆಳಕು, ಇವೆಲ್ಲ ರಾಶಿಯ ಹಿಂದೆ ಕೂತವರ ಖರ್ಚು. ರಾತ್ರಿ ಅಲ್ಲೇ, ಟಾರ್ಪಾಲಿನಡಿ, ಮೂಟೆಗೆ ಒರಗಿ ಮಲಗುತ್ತಾರೆ. ಕಾರ್ತೀಕದ ಸೋನೆ ಹಿಡಿದರೆ ಮೊದಲು ಹೊದಿಕೆ ಸಿಗುವುದು ಕಡಲೆಕಾಯಿಗೆ, ಆಮೇಲೆ ಮಕ್ಕಳಿಗೆ.

ಸೋಮವಾರ ದಾಟಿ ಮಂಗಳವಾರ, ಬುಧವಾರವಾದರೂ ರಾಶಿ ಕರಗದಿದ್ದರೆ ಸೇರಿನ ಬೆಲೆ ಇಳಿಯುತ್ತದೆ. ಚೌಕಾಸಿಗೆ ಅದೇ ಸರಿಯಾದ ಹೊತ್ತೆಂದು ಬಸವನಗುಡಿಯ ಹಳಬರು ಕೈಚೀಲ ಹಿಡಿದು ಆಗ ಹೊರಡುತ್ತಾರೆ.