ನಗರಯೋಜನೆಯ ವಿದ್ಯಾಭ್ಯಾಸ: ಮೈಸೂರು ಸೀಮೆಯ ಅನುಭವ ಮತ್ತು ಗೌನಿಪಲ್ಲಿಯ ಪ್ರಶ್ನೆ

ಊರು ಕಟ್ಟುವ ಕಲೆ ಬಹು ಪ್ರಾಚೀನವಾದುದು; ಆದರೆ ಅದು ವಿಶ್ವವಿದ್ಯಾನಿಲಯದಲ್ಲಿ ಕಲಿಯುವ ಶಾಸ್ತ್ರವಾದುದು ಇತ್ತೀಚೆಗೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ 1909ರಲ್ಲಿ ನಗರವಿನ್ಯಾಸದ ವಿಭಾಗವೊಂದು ಸ್ಥಾಪಿತವಾಯಿತು. ನಗರಯೋಜನೆ, ವಸತಿನಿರ್ಮಾಣ, ನಗರವಿನ್ಯಾಸ ಎಂಬ ಮೂರು ವಿಷಯಗಳ ಕ್ರಮಬದ್ಧ ಅಧ್ಯಯನವನ್ನು ಸಾಮಾನ್ಯವಾಗಿ ಅಲ್ಲಿಂದ ಎಣಿಸುವುದು ವಾಡಿಕೆ. ಈ ಶಾಸ್ತ್ರದ ಬೆಳವಣಿಗೆಯಲ್ಲಿ ಮೈಸೂರು ಸೀಮೆಗೆ ಸಲ್ಲತಕ್ಕ ಪಾಲು ಯಾವುದು, ಮತ್ತು ಕೋಲಾರ ಜಿಲ್ಲೆಯ ಗೌನಿಪಲ್ಲಿಯಂತಹ ಊರಿಗೆ ಈ ಶಾಸ್ತ್ರವು ಋಣಿಯಾಗಿರುವುದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸುವುದು ನಮ್ಮ ಉದ್ದೇಶ.

ಕನ್ನಡ ನಾಡಿನಲ್ಲಿ ಪಟ್ಟಣ ನಿರ್ಮಾಣವು ನೀರಿನ ವ್ಯವಸ್ಥೆಯಿಂದ ಬೇರೆಯಾಗಿರಲಿಲ್ಲ. ಶಾಸನಗಳಲ್ಲಿ ವರ್ತಕ ಪಟ್ಟಣದ ಮುಖ್ಯಸ್ಥನನ್ನು ಪಟ್ಟಣಸ್ವಾಮಿ ಎಂದು ಕರೆದಿದೆ. 11ನೆಯ ಶತಮಾನದಲ್ಲಿ ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯು ಬಸದಿಯನ್ನು ಕಟ್ಟಿಸಿದುದಲ್ಲದೆ ಕೆರೆಗಳನ್ನೂ ಕಟ್ಟಿಸಿದನು. ಕೆಂಪೇಗೌಡನ ಬೆಂಗಳೂರಿನಲ್ಲಿಯೂ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳು ಒಂದು ಕಡೆಗಾದರೆ, ಅವುಗಳ ಸುತ್ತ ಕೆರೆಗಳ ಸಾಲು ಇನ್ನೊಂದು ಕಡೆಗೆ. ಕಸುಬು, ಬೀದಿ, ನೀರು ಈ ಮೂರನ್ನೂ ಒಂದಾಗಿ ಕಾಣುವ ದೃಷ್ಟಿ ನಮ್ಮ ಹಿರಿಯರಿಗೆ ಇದ್ದಿತೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಆಧುನಿಕ ಅರ್ಥದ ನಗರಯೋಜನೆಯನ್ನು ನಮ್ಮ ನಾಡಿಗೆ ಕಲಿಸಿದುದು ಶಾಲೆಯಲ್ಲ, ಪ್ಲೇಗು ಎಂದರೆ ಅತಿಶಯವಾಗಲಾರದು. 1898ರಲ್ಲಿ ಬೆಂಗಳೂರಿಗೆ ಈ ರೋಗವು ಕಾಲಿಟ್ಟಾಗ, ಹಳೆಯ ಪೇಟೆಯ ಇಕ್ಕಟ್ಟಾದ ಮನೆಗಳನ್ನು ಬಿಟ್ಟು ಜನರು ಬಯಲಿಗೆ ಓಡಿದರು. ಆ ದಶಕದಲ್ಲಿಯೇ ರೂಪುಗೊಂಡಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳಿಗೆ ಇದರಿಂದ ವೇಗ ದೊರೆಯಿತು. ನೇರವಾದ ಬೀದಿ, ಗಾಳಿ ಬೆಳಕು, ಮನೆಗಳ ಹಿಂದೆ ಮಲ ಸಾಗಿಸುವ ಓಣಿ ಇವು ಆ ಬಡಾವಣೆಗಳ ಲಕ್ಷಣಗಳು. ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದುದೂ ಅದೇ ಯೋಜನೆಯ ಅಂಗವಾಗಿತ್ತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ಮರೆಯಬಾರದು. ನಕ್ಷೆಯ ಮೇಲಿನ ಗೆರೆ ರೋಗವನ್ನು ತಡೆಯಬಲ್ಲದು, ಮನುಷ್ಯರನ್ನೂ ತಡೆಯಬಲ್ಲದು. ಮೈಸೂರು ನಗರಕ್ಕೆ 1903ರಲ್ಲಿ ಅಭಿವೃದ್ಧಿ ಮಂಡಲಿ ಏರ್ಪಟ್ಟಿತು. ಬೆಂಗಳೂರಿಗೆ ಅಂತಹ ಮಂಡಲಿ ದೊರೆತುದು 1945ರಲ್ಲಿ.

ಕೋಲಾರ ಜಿಲ್ಲೆಯೂ ಈ ಅನುಭವದಿಂದ ಹೊರಗಾಗಿರಲಿಲ್ಲ. ಚಿನ್ನದ ಗಣಿಗಳ ನೆಲದಲ್ಲಿ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಹರಿಯಿತು. ಬೇತಮಂಗಲದ ಕೆರೆಯಿಂದ ಶುದ್ಧೀಕರಿಸಿದ ನೀರು ಬಂದಿತು. ಗಣಿಪ್ರದೇಶದ ಅಂಚಿನಲ್ಲಿ ರಾಬರ್ಟ್‌ಸನ್‌ಪೇಟೆ ಎಂಬ ನೇರ ಬೀದಿಗಳ ಪಟ್ಟಣವು ಎದ್ದಿತು. ಆದರೆ ಅದೇ ನೆಲದಲ್ಲಿ ಅಧಿಕಾರಿಗಳಿಗೆ ತೋಟದ ನಡುವಣ ಬಂಗಲೆ, ಕೂಲಿಯವರಿಗೆ ತಟ್ಟಿಯ ಗುಡಿಸಲುಗಳ ಸಾಲು. ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಕೆಲಸ ಹೋಯಿತು, ಮನೆಗಳ ಸಾಲು ಉಳಿಯಿತು. ಒಂದೇ ಕಸುಬನ್ನು ನಂಬಿ ಕಟ್ಟಿದ ಊರಿನ ಗತಿಯೇನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಯಾವ ಗ್ರಂಥದಲ್ಲಿಯೂ ದೊರೆಯಲಾರದು.

ಇಂತಹ ಅನುಭವವು ಶಾಸ್ತ್ರವಾಗಿ ಮಾರ್ಪಟ್ಟ ಬಗೆಯನ್ನು ಇಬ್ಬರು ವಿದ್ವಾಂಸರ ಜೀವನದಿಂದ ತಿಳಿಯಬಹುದು. ಸ್ಕಾಟ್‌ಲೆಂಡಿನ ಪ್ಯಾಟ್ರಿಕ್ ಗೆಡಿಸ್ 1914ರಲ್ಲಿ ಭಾರತಕ್ಕೆ ಬಂದು ಅನೇಕ ನಗರಗಳನ್ನು ಕಾಲ್ನಡಿಗೆಯಲ್ಲಿ ಪರಿಶೀಲಿಸಿದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ಮತ್ತು ಪೌರನೀತಿ ವಿಭಾಗದ ಪ್ರಥಮ ಪ್ರಾಧ್ಯಾಪಕರಾದರು. ಯೋಜನೆಗೆ ಮುನ್ನ ಸಮೀಕ್ಷೆ, ಚಿಕಿತ್ಸೆಗೆ ಮುನ್ನ ರೋಗನಿದಾನ ಎಂಬುದು ಅವರ ಸಿದ್ಧಾಂತ. ಹಳೆಯ ಬೀದಿಯನ್ನು ಕೆಡವಿ ಹಾಕುವುದಕ್ಕಿಂತ ಅಲ್ಲಲ್ಲಿ ಬಿಡಿಸಿ ತೆರಪು ಮಾಡುವುದು ಮೇಲೆಂದು ಅವರು ಸಾರಿದರು. ಮುಂದೆ ಅದೇ ವಿಭಾಗದಲ್ಲಿ ಘುರ್ಯೆಯವರ ಶಿಷ್ಯರಾಗಿ ಮೈಸೂರಿನ ಎಂ. ಎನ್. ಶ್ರೀನಿವಾಸರು ಕಲಿತರೆಂಬುದು ನಮಗೆ ಗಮನಾರ್ಹ.

ಎರಡನೆಯವರು ಓಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಕಲಿತು, ನಾಜಿಗಳ ಆಳ್ವಿಕೆಯಲ್ಲಿ ಸ್ವದೇಶವನ್ನು ತೊರೆದ ಇವರು 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು, ಭದ್ರಾವತಿಯ ನೂತನ ಪಟ್ಟಣದ ಯೋಜನೆ ಇವರ ಕೃತಿಗಳು. 1948ರಲ್ಲಿ ಭುವನೇಶ್ವರದ ಯೋಜನೆಯನ್ನೂ ಇವರೇ ಸಿದ್ಧಪಡಿಸಿದರು. ಅನಂತರ ಲಂಡನ್ನಿಗೆ ತೆರಳಿ, ಅಲ್ಲಿನ ವಾಸ್ತುಶಿಲ್ಪ ಶಾಲೆಯೊಂದರಲ್ಲಿ 1954ರಲ್ಲಿ ಆರಂಭವಾಗಿದ್ದ ಉಷ್ಣವಲಯದ ವಾಸ್ತುಶಿಲ್ಪದ ವಿಭಾಗವನ್ನು ಬಹುಕಾಲ ನಡೆಸಿದರು. ಆ ವಿಭಾಗವು 1971ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಬಿಸಿಲು, ಮಳೆ, ಅಲ್ಪವಾದ ಹಣ, ಬೇಗನೆ ಬೆಳೆಯುವ ಊರು ಇವುಗಳನ್ನು ಕುರಿತು ಲಂಡನ್ನಿನಲ್ಲಿ ಬೋಧಿಸಿದ ಆಚಾರ್ಯರು ಮೈಸೂರಿನ ನೆಲದಲ್ಲಿ ಒಂಬತ್ತು ವರ್ಷ ಕಲಿತವರಾಗಿದ್ದರು. ನಮ್ಮ ಅನುಭವ ಹೊರಗೆ ಹೋಗಿ ಪಠ್ಯವಾಗಿ ಹಿಂದಿರುಗಿತೆಂದು ಹೇಳಬಹುದು.

ಭಾರತದಲ್ಲಿ ಈ ವಿದ್ಯಾಭ್ಯಾಸಕ್ಕೆ 1955ರಲ್ಲಿ ದಿಲ್ಲಿಯಲ್ಲಿ ಪ್ರತ್ಯೇಕ ಶಾಲೆ ಸ್ಥಾಪಿತವಾಯಿತು. ನಮ್ಮ ರಾಜ್ಯದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾನೂನು ಬಂದುದು 1961ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ಅಧ್ಯಯನಕ್ಕೆ ಎಡೆ ದೊರೆತುದು ಅದಕ್ಕೂ ತರುವಾಯ. ಕಾನೂನು ಮುಂದೆ, ಕಲಿತವರು ಹಿಂದೆ ಎಂಬ ಈ ಕ್ರಮವೇ ಒಂದು ಕೊರತೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಉದಾಹರಣೆಗಾಗಿ ವಿದ್ಯಾರ್ಥಿಯ ಕಣ್ಣು ಮಹಾನಗರದ ಕಡೆಗೇ ಹೊರಳುವುದು.

ಈಗ ಗೌನಿಪಲ್ಲಿಯನ್ನು ನೋಡೋಣ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಸಮೀಪದಲ್ಲಿ ಇರುವ ಈ ಊರಿನ ಸುತ್ತಮುತ್ತ ಕನ್ನಡ ತೆಲುಗು ಎರಡೂ ಮನೆಮಾತುಗಳೇ. ತಾಲ್ಲೂಕು ಮಾವಿಗೆ ಹೆಸರಾದುದು. ಆಡಳಿತದ ದೃಷ್ಟಿಯಲ್ಲಿ ಗೌನಿಪಲ್ಲಿಯು ಗ್ರಾಮ ಪಂಚಾಯಿತಿಗೆ ಒಳಪಟ್ಟ ಊರು. ಜನಗಣತಿಯು ಒಂದು ಊರನ್ನು ಪಟ್ಟಣವೆಂದು ಎಣಿಸಬೇಕಾದರೆ 5,000 ಜನಸಂಖ್ಯೆ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯೇತರ ವೃತ್ತಿಯವರು ಇರಬೇಕು. ಬೆಳಿಗ್ಗೆ ತೋಟದಲ್ಲಿಯೂ ಮಧ್ಯಾಹ್ನ ಅಂಗಡಿಯಲ್ಲಿಯೂ ದುಡಿಯುವವನನ್ನು ಈ ಅಳತೆಯು ಯಾವ ಕಡೆಗೆ ಸೇರಿಸೀತು? ಇಂತಹ ಊರುಗಳು ಪಟ್ಟಣವೆನಿಸಿಕೊಳ್ಳುವ ಮೊದಲೇ ಪಟ್ಟಣದ ರೋಗಗಳನ್ನು ಅನುಭವಿಸುತ್ತವೆ. ಮುಖ್ಯರಸ್ತೆಯ ಉದ್ದಕ್ಕೂ ಮನೆ ಬೆಳೆಯುತ್ತದೆ, ಹಿಂದಣ ನೆಲ ಖಾಲಿ ಉಳಿಯುತ್ತದೆ. ಕೆರೆಗೆ ಹರಿಯಬೇಕಾದ ಕಾಲುವೆಯು ಚರಂಡಿಯಾಗುತ್ತದೆ. ಹೆಸರು ಬದಲಾಗುವ ಹೊತ್ತಿಗೆ ಸರಿಪಡಿಸುವ ಕಾಲ ಮೀರಿರುತ್ತದೆ.

ನಗರದ ಎಲ್ಲೆಯೊಳಗೆ ಯೋಜನೆ ಮುಗಿಯಲಾರದೆಂಬುದಕ್ಕೆ ಕೋಲಾರ ಜಿಲ್ಲೆಯೇ ಸಾಕ್ಷಿ. ನಿತ್ಯವೂ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಒಂದು ನಗರದ ಮನೆಗಳ ಬಚ್ಚಲು ಮತ್ತೊಂದು ಜಿಲ್ಲೆಯ ಅಂತರ್ಜಲವನ್ನು ನಿರ್ಧರಿಸುವಾಗ, ಬೆಂಗಳೂರನ್ನು ಓದಿ ಕೋಲಾರವನ್ನು ಬಿಡುವುದು ಅರ್ಧ ಓದು.

ಆದುದರಿಂದ ನಮ್ಮ ಸೂಚನೆ ಇಷ್ಟು. ನಗರಯೋಜನೆಯ ವಿದ್ಯಾರ್ಥಿಯು ತನ್ನ ಮೊದಲನೆಯ ನಕ್ಷೆಯನ್ನು ಗೌನಿಪಲ್ಲಿಯಂತಹ ಊರಿನಲ್ಲಿ ಬರೆಯಲಿ. ಮಳೆನೀರು ಯಾವ ದಾರಿಯಾಗಿ ಕೆರೆಯನ್ನು ಸೇರುತ್ತದೆ, ಸರಕಾರಿ ನೆಲ ಎಷ್ಟು, ಯಾರ ಮನೆ ಯಾರ ಮನೆಯಿಂದ ಎಷ್ಟು ದೂರ ಮತ್ತು ಏಕೆ, ಫಸಲಿನ ಕಾಲದಲ್ಲಿ ಗಾಡಿಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನು ಅಳೆದು ಗುರುತಿಸಲಿ. ಚರಿತ್ರೆಯ ವಿದ್ಯಾರ್ಥಿಯು ಅವನ ಜತೆಗೆ ಹೋಗಿ ಹಳೆಯ ಕಂದಾಯದ ದಾಖಲೆಗಳನ್ನೂ ಹಿರಿಯರ ನೆನಪನ್ನೂ ಆ ನಕ್ಷೆಗೆ ಸೇರಿಸಲಿ. ಪ್ಲೇಗು ಬಂದ ಮೇಲೆ ಕಲಿತ ಪಾಠಕ್ಕೆ ನಮ್ಮ ಹಿರಿಯರು ಬಹಳ ಬೆಲೆ ತೆತ್ತರು. ಈ ಸಲ ರೋಗವು ಬರುವ ಮೊದಲೇ ಕಲಿಯುವ ಅವಕಾಶ ನಮಗಿದೆ. ವಿಶ್ವವಿದ್ಯಾನಿಲಯವಿರುವುದು ಅದಕ್ಕಾಗಿಯೇ ಎಂದು ನಾವು ತಿಳಿಯುತ್ತೇವೆ.